ಭರಮಣ್ಣನ ಹೆಬ್ಬೆಟ್ಟು

ಮಲಪನಗುಡಿಯ ಭರಮಣ್ಣನದು ತಲೆಮಾರುಗಳಿಂದ ಕಲ್ಲುಕೆಲಸದ ಮನೆತನ. ಬಂಡೆಯ ಮೇಲೆ ಅಂಗೈ ಊರಿ, ಸುತ್ತಿಗೆಯಿಂದ ಎರಡು ಕಡೆ ಮೆಲ್ಲಗೆ ತಟ್ಟಿ, ಆ ಸಪ್ಪಳ ಕೇಳಿಯೇ ಕಲ್ಲು ಎಲ್ಲಿ ಸೀಳುತ್ತದೆ ಎಂದು ಹೇಳುತ್ತಿದ್ದ. ಇಪ್ಪತ್ತನಾಲ್ಕು ತುಂಬುವಷ್ಟರಲ್ಲಿ ಹೊಸಪೇಟೆಯಿಂದ ಕಂಪ್ಲಿಯವರೆಗೆ ಅವನು ಕಡೆದುಕೊಟ್ಟ ಹೊಸ್ತಿಲುಗಳಿದ್ದವು, ಬೀಸುಕಲ್ಲುಗಳಿದ್ದವು. ಅಂಥ ಗಟ್ಟಿಗ ಒಂದು ಕಾಗದಕ್ಕೆ ಹೆದರಿ ಹನ್ನೆರಡು ವರ್ಷ ಊರು ಬಿಟ್ಟು, ಹೆಸರು ಬಿಟ್ಟು ಬದುಕಿದ.

ಆ ಕಾಗದದ ಕಥೆ ಶುರುವಾದದ್ದು ೧೯೧೮ರ ಮಳೆಗಾಲದಲ್ಲಿ. ಭರಮಣ್ಣನ ತಮ್ಮ ಗಾಳೆಪ್ಪನಿಗೆ ಹೆಣ್ಣು ಗೊತ್ತಾಗಿತ್ತು. ಮದುವೆಯ ಖರ್ಚಿಗೆ ಕೈಯಲ್ಲಿ ಏನೂ ಇರಲಿಲ್ಲ. ಅದೇ ಹೊತ್ತಿಗೆ ಹೊಸಪೇಟೆಯ ಗುತ್ತಿಗೆದಾರ ದೊಡ್ಡಬಸಪ್ಪ ಕಂಪ್ಲಿ ರಸ್ತೆಗೆ ಮೋರಿ ಕಟ್ಟುವ ಕೆಲಸ ಹಿಡಿದಿದ್ದು, ಕಲ್ಲು ಒಡೆಯುವವರನ್ನು ಹುಡುಕುತ್ತಿದ್ದ. ಮುಂಗಡ ಕೊಡುತ್ತಾನೆ ಎಂದು ಕೇಳಿ ಭರಮಣ್ಣ ಅವನ ಮನೆಗೆ ಹೋದ. ದೊಡ್ಡಬಸಪ್ಪನ ಗುಮಾಸ್ತ, ರಾಜನ ಮುಖದ ಮುದ್ರೆಯಿದ್ದ ಛಾಪಾ ಕಾಗದ ತೆಗೆದು, ಅದರಲ್ಲಿ ಬರೆದದ್ದನ್ನು ಮಂತ್ರ ಹೇಳಿದ ಹಾಗೆ ಗಡಗಡನೆ ಓದಿದ. ಸಂಕ್ರಾಂತಿಯೊಳಗೆ ಹನ್ನೆರಡು ಮೋರಿಯ ಕಲ್ಲು ಕಡೆದುಕೊಡಬೇಕು, ಅಲ್ಲಿಯವರೆಗೆ ಬೇರೆಯವರ ಕೆಲಸಕ್ಕೆ ಹೋಗಕೂಡದು ಎಂಬುದಷ್ಟೇ ಭರಮಣ್ಣನಿಗೆ ತಿಳಿಯಿತು. ಕಡೆಯಲ್ಲಿ ಮ್ಯಾಜಿಸ್ಟ್ರೇಟರು, ಶಿಕ್ಷೆ ಎಂಬ ಮಾತುಗಳೂ ಬಂದವು.

“ಅದೇನ್ರಿ ಕಡೀಕ ಓದಿದ್ದು?” ಎಂದು ಕೇಳಿದ.

“ಅದು ಎಲ್ಲಾ ಕರಾರಿನ್ಯಾಗ ಇರೂದ. ಕೆಲಸ ಬಿಟ್ಟು ಓಡಿಹೋಗೋರಿಗೆ. ನೀ ಏನು ಓಡಿಹೋಗ್ತಿಯೇನು?” ಎಂದು ಗುಮಾಸ್ತ ನಕ್ಕ.

ಭರಮಣ್ಣನೂ ನಕ್ಕ. ಬಲಗೈ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿ, ಮುಂಗಡ ಎಣಿಸಿಕೊಂಡು ಬಂದ.

ಮುಂಗಡ ತೆಗೆದುಕೊಂಡ ಕೂಲಿಯವನು ಕರಾರು ಮುರಿದರೆ ಅವನನ್ನು ಸೆರೆಮನೆಗೆ ಕಳಿಸುವ ಕಾಯಿದೆ ಆಗ ಜಾರಿಯಲ್ಲಿತ್ತು. ಕೆಲಸ ಕೊಟ್ಟವನು ನೇರವಾಗಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಮ್ಯಾಜಿಸ್ಟ್ರೇಟರು ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂದು ಆಜ್ಞೆ ಮಾಡುತ್ತಿದ್ದರು. ಆಜ್ಞೆಯಂತೆ ನಡೆಯದಿದ್ದರೆ ಮೂರು ತಿಂಗಳವರೆಗೆ ಸೆರೆ. ಗುತ್ತಿಗೆದಾರನೇ ಮಾತಿಗೆ ತಪ್ಪಿದರೆ ಅವನಿಗೆ ಅಂಥ ಸೆರೆವಾಸವೇನೂ ಇರಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳುವವರು ಭರಮಣ್ಣನಿಗೆ ಯಾರಿದ್ದರು?

ಗಾಳೆಪ್ಪನ ಮದುವೆಯಾಯಿತು. ಭರಮಣ್ಣ ದಸರೆಯವರೆಗೆ ನಾಲ್ಕು ಮೋರಿಯ ಕಲ್ಲು ಕಡೆದ. ಆಮೇಲೆ ಆ ಹೊಸ ಜ್ವರ ಬಂತು. ಹೊಸಪೇಟೆಯ ರೈಲ್ವೆ ಸ್ಟೇಷನ್ನಿನ ಕಡೆಯಿಂದ ಬಂತು ಎಂದು ಕೆಲವರು, ದಂಡಿನಿಂದ ತಿರುಗಿ ಬಂದವರು ತಂದರು ಎಂದು ಕೆಲವರು ಹೇಳಿದರು. ಮಲಪನಗುಡಿಯಲ್ಲಿ ಒಂದೊಂದು ದಿನ ಮೂರು ನಾಲ್ಕು ಹೆಣ ಹೊರಟವು. ಮೊದಲು ಗಾಳೆಪ್ಪ ಹೋದ; ಅರಿಶಿನದ ಬಟ್ಟೆಯ ಬಣ್ಣ ಇನ್ನೂ ಮಾಸಿರಲಿಲ್ಲ. ಅವನ ಹೆಂಡತಿಯನ್ನು ತವರಿನವರು ಕರೆದೊಯ್ದರು. ಐದು ದಿನಕ್ಕೆ ತಾಯಿ ಹೋದಳು. ಭರಮಣ್ಣ ತಾಯಿಯ ಮಣ್ಣಿಗೆ ಹೋಗಲೂ ಆಗದೆ, ಎದೆಯಲ್ಲಿ ಕಫ ಕಟ್ಟಿ, ಹೆಂಡತಿ ಹುಲಿಗೆಮ್ಮ ಬಾಯಿಗೆ ಬಿಟ್ಟ ಗಂಜಿಯ ಮೇಲೆ ಒಂದೂವರೆ ತಿಂಗಳು ಚಾಪೆ ಹಿಡಿದು ಮಲಗಿದ್ದ. ಎದ್ದು ಕೂತಾಗ ಸುತ್ತಿಗೆ ಎತ್ತುವುದಿರಲಿ, ನೀರಿನ ತಂಬಿಗೆ ಎತ್ತುವ ಶಕ್ತಿಯೂ ತೋಳಿನಲ್ಲಿರಲಿಲ್ಲ.

ದೊಡ್ಡಬಸಪ್ಪನ ಆಳು ಎರಡು ಸಲ ಬಂದು ಹೋದ. ಹುಲಿಗೆಮ್ಮ ತಾನೇ ಹೊಸಪೇಟೆಗೆ ಹೋಗಿ, ಗುತ್ತಿಗೆದಾರನ ಕಟ್ಟೆಯ ಕೆಳಗೆ ನಿಂತು ಕೈಮುಗಿದು, “ಯಪ್ಪಾ, ಜ್ವರ ಬಂದು ಮಲಗ್ಯಾನ್ರಿ. ಇನ್ನೊಂದು ಎರಡು ತಿಂಗಳು ಬಿಡ್ರಿ, ಕೆಲಸ ಮುಗಿಸಿಕೊಡ್ತಾನ” ಎಂದಳು.

“ಸಂಕ್ರಾಂತಿಗೆ ಮೋರಿ ಮುಗೀಲಿಲ್ಲಂದ್ರ ಇಂಜಿನಿಯರ್ ದೊರಿ ನನ್ನ ಕುತ್ತಿಗಿ ಹಿಡೀತಾನ. ಏನು ಹೇಳೂದೈತಿ ಕೋರ್ಟಿನ್ಯಾಗ ಹೇಳ್ರಿ” ಎಂದು ದೊಡ್ಡಬಸಪ್ಪ ಒಳಗೆ ಹೋದ.

ಅವನ ಗುಮಾಸ್ತ ಬಾಗಿಲ ಬಳಿ ನಿಂತು ದನಿ ತಗ್ಗಿಸಿ ಹೇಳಿದ: “ಕಂಪ್ಲಿ ಕಡೆಯೋರು ಇಬ್ಬರು ಹಿಂಗ ಮಾಡಿದ್ರು. ಕೈಗೆ ಹಗ್ಗ ಹಾಕಿ ಬಳ್ಳಾರಿ ಜೈಲಿಗೆ ಒಯ್ದ್ರು. ಒಬ್ಬ ಅಲ್ಲೇ ಸತ್ತ.”

ಮನೆಗೆ ಬಂದು ಹುಲಿಗೆಮ್ಮ ಈ ಮಾತನ್ನು ಗಂಡನಿಗೆ ಹೇಳಬಾರದಿತ್ತು. ಹೇಳಿಬಿಟ್ಟಳು. ಆ ಇಬ್ಬರ ಹೆಸರೇನು, ಊರು ಯಾವುದು ಎಂದು ಅವನು ಕೇಳಲಿಲ್ಲ. ಅವನ ಕಣ್ಣಿಗೆ ಹಗ್ಗ ಕಟ್ಟಿದ ಎರಡು ಕೈಗಳು ಕಾಣುತ್ತಿದ್ದವು, ಅವು ತನ್ನವೇ ಅನ್ನಿಸುತ್ತಿದ್ದವು.

ಸಂಕ್ರಾಂತಿಯಾದ ವಾರಕ್ಕೆ ಕೋರ್ಟಿನ ಜವಾನ ಬಂದ. ಮಧ್ಯಾಹ್ನದ ಹೊತ್ತು. ಭರಮಣ್ಣ ಊರ ಹೊರಗಿನ ಹಳೆಯ ಮೆಟ್ಟಿಲು ಬಾವಿಯ ಹತ್ತಿರ ಬಿಸಿಲು ಕಾಯುತ್ತ ಕೂತಿದ್ದ. ಖಾಕಿ ಅಂಗಿ, ಎದೆಗೆ ಹಿತ್ತಾಳೆ ಬಿಲ್ಲೆ, ಕಂಕುಳಲ್ಲಿ ಕಾಗದದ ಕಟ್ಟು ಇದ್ದವನು ದಾರಿಯಲ್ಲಿ ಒಬ್ಬನನ್ನು ನಿಲ್ಲಿಸಿ ಕೈ ಮಾಡಿ ಏನೋ ಕೇಳಿದ. ಆ ಮನುಷ್ಯ ಭರಮಣ್ಣನ ಮನೆಯ ಕಡೆ ತೋರಿಸಿದ. ಎದ್ದು ಓಡಲು ಭರಮಣ್ಣನ ಕಾಲಿನಲ್ಲಿ ಬಲವಿರಲಿಲ್ಲ. ಕೂತಲ್ಲಿಂದಲೇ ಜರುಗುತ್ತ ಬಾವಿಯ ಮೆಟ್ಟಿಲಿಳಿದು, ನೀರಿನ ಮಟ್ಟದಲ್ಲಿದ್ದ ಕಲ್ಲಿನ ಗೂಡಿನೊಳಗೆ ನುಸುಳಿದ. ಅಲ್ಲಿ ಬಾವಲಿಗಳ ನಾತ. ನೀರು ಮೊಣಕಾಲಿಗೆ ಬಂದಿತ್ತು. ಮೇಲೆ ಯಾರೋ ನಡೆದ ಸಪ್ಪಳವಾದಾಗ ಕೆಮ್ಮು ಬಂತು. ಹೆಗಲ ಮೇಲಿನ ಟವಲನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮನ್ನು ನುಂಗಿದ.

ಹೊತ್ತು ಇಳಿದ ಮೇಲೆ ಹುಲಿಗೆಮ್ಮ ಹುಡುಕಿಕೊಂಡು ಬಂದಳು. ಎರಡು ವರ್ಷದ ಮಗಳು ನೀಲವ್ವ ಅವಳ ಕಂಕುಳಲ್ಲಿದ್ದಳು.

“ಆ ಜವಾನ ಏನಂದ?” ಎಂದು ಭರಮಣ್ಣ ಗೂಡಿನೊಳಗಿಂದಲೇ ಕೇಳಿದ.

“ಬರೂ ಸೋಮವಾರ ಕೋರ್ಟಿಗೆ ಬರಬೇಕಂತ. ಬಾಗಿಲಿಗೆ ಕಾಗದ ಹಚ್ಚಿ ಹೋದ. ನಾನೂ ಬರ್ತೀನಿ, ಹೋಗಿ ಇದ್ದದ್ದು ಇದ್ದಂಗ ಹೇಳಾಣು.”

“ನೀ ಹೇಳಿದ್ದನ್ನ ದೊಡ್ಡಬಸಪ್ಪ ಕೇಳಿದ್ನ್ಯಾ? ಕೋರ್ಟಿನ ದೊರಿ ಕೇಳ್ತಾನ? ಹೆಬ್ಬಟ್ಟು ಒತ್ತೀನಲ್ಲ ಹುಲಿಗಿ. ಹೆಬ್ಬಟ್ಟು ಒತ್ತಿದ ಮ್ಯಾಲ ಮುಗೀತು.”

ಸೋಮವಾರಕ್ಕೆ ಮುಂಚೆಯೇ, ಮುಂಜಾನೆ ಬೆಳಕು ಹರಿಯುವಾಗ, ಎರಡು ರೊಟ್ಟಿ ಕಟ್ಟಿಕೊಂಡು ಭರಮಣ್ಣ ಸಂಡೂರಿನ ಗುಡ್ಡಗಳ ಕಡೆ ನಡೆದ. ಸಂಡೂರು ಬೇರೆ ರಾಜರ ಸೀಮೆ. ಅಲ್ಲಿ ಇಂಗ್ಲಿಷ್ ಸರಕಾರದ ಪೊಲೀಸರ ಆಟ ನಡೆಯುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದುದನ್ನು ಅವನು ಕೇಳಿದ್ದ. ಮೂವತ್ತು ಹೆಜ್ಜೆಗೊಮ್ಮೆ ಕೂತು, ಎರಡು ದಿನಕ್ಕೆ ಗಡಿಕಲ್ಲು ದಾಟಿದ. ದಾಟಿದ ಮೇಲೂ ಹಿಂದೆ ತಿರುಗಿ ನೋಡುವುದನ್ನು ಬಿಡಲಿಲ್ಲ.

ಗುಡ್ಡದ ಮೇಲೆ ಮ್ಯಾಂಗನೀಸ್ ಅದಿರು ಅಗೆಯುತ್ತಿದ್ದರು. ಕೈಕಾಲು ನೆಟ್ಟಗಿದ್ದವರಿಗೆಲ್ಲ ಅಲ್ಲಿ ಕೂಲಿಯಿತ್ತು. ಮೇಸ್ತ್ರಿ ಹೊನ್ನೂರಸ್ವಾಮಿ, ಐವತ್ತರ ಹತ್ತಿರದವನು, ಕಡ್ಡಿಯಂತೆ ಬಡವಾಗಿದ್ದ ಇವನನ್ನು ಮೇಲಿಂದ ಕೆಳಗೆ ನೋಡಿದ.

“ಏನೋ ನಿನ್ನ ಹೆಸರು?”

ದಾರಿಯುದ್ದಕ್ಕೂ ಇದಕ್ಕೊಂದು ಉತ್ತರ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಸತ್ತ ತಮ್ಮನ ಹೆಸರು.

“ಗಾಳೆಪ್ಪ ರೀ.”

“ಊರು?”

“ಹೊಳಿ ಆಚಿ, ಗಂಗಾವತಿ ಕಡೆ.”

ಅಂದಿನಿಂದ ಅವನು ಗಾಳೆಪ್ಪನಾದ. ಅದಿರು ಅಗೆದ ತೋಡಿನೊಳಗೆ ಯಾರಾದರೂ ‘ಲೇ ಗಾಳ್ಯಾ’ ಎಂದು ಕೂಗಿದಾಗಲೆಲ್ಲ ಹೊಸ ಬಟ್ಟೆಯುಟ್ಟು ಹಸೆಯ ಮೇಲೆ ಕೂತಿದ್ದ ತಮ್ಮನ ಮುಖ ಕಣ್ಣೆದುರು ಬಂದು ಮರೆಯಾಗುತ್ತಿತ್ತು. ಹೆಸರು ಕದ್ದದ್ದಕ್ಕೆ ಅವನ ಆತ್ಮ ಏನೆಂದುಕೊಂಡೀತೋ ಎಂಬ ಭಯ ಬೇರೆ.

ಆರು ತಿಂಗಳಲ್ಲಿ ತೋಳಿಗೆ ಕಸುವು ಬಂತು. ಅವನ ಕೈಚಳಕ ಕಂಡು ಹೊನ್ನೂರಸ್ವಾಮಿ ಬಂಡೆ ಸೀಳುವ ಕೆಲಸಕ್ಕೆ ಹಾಕಿದ. ಆದರೆ ಭಯ ಮೈಗಿಂತ ಬೇಗ ಬಲಿಯಿತು. ಮೊದಲು ಕೂಲಿಯನ್ನು ಬಾಯಿಮಾತಿನ ಮೇಲೆ ಕೊಡುತ್ತಿದ್ದರು. ಎರಡನೆಯ ವರ್ಷ ಹೊಸ ಗುಮಾಸ್ತ ಬಂದು, ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬನ ಹೆಬ್ಬೆಟ್ಟು ಒತ್ತಿಸಿಕೊಂಡೇ ಕೊಡತೊಡಗಿದ. ಮಾತಾಳಿ ಮನುಷ್ಯ. ಒಂದು ದಿನ ಮಸಿ ಡಬ್ಬಿ ತೆಗೆಯುತ್ತ ಎಲ್ಲರಿಗೂ ಕೇಳುವಂತೆ ಹೇಳಿದ: “ನಿಮ್ಮ ಮಾರಿ ಬದಲಾಗಬಹುದು, ಹೆಸರು ಬದಲಾಗಬಹುದು, ಹೆಬ್ಬಟ್ಟಿನ ಗೆರಿ ಬದಲಾಗಂಗಿಲ್ಲ. ಮದ್ರಾಸಿನ್ಯಾಗ ಒಂದು ಕಚೇರಿನ ಐತಿ, ಬರೀ ಹೆಬ್ಬಟ್ಟು ತಾಳೆ ಹಾಕಿ ನೋಡಿ ಕಳ್ಳರನ್ನ ಹಿಡಿಯಾಕ.”

ಸಾಲಿನಲ್ಲಿ ನಿಂತಿದ್ದ ಭರಮಣ್ಣ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡ. ದೊಡ್ಡಬಸಪ್ಪನ ಕಾಗದದ ಮೇಲಿನ ಬೆರಳೂ ಈ ಪುಸ್ತಕದ ಮೇಲಿನ ಬೆರಳೂ ಒಂದೇ. ಯಾರೋ ಒಬ್ಬ ಮದ್ರಾಸಿನಲ್ಲಿ ಕೂತು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ? ತನ್ನ ಸರದಿ ಬಂದಾಗ ಎಡಗೈ ಮುಂದೆ ಚಾಚಿದ. “ಬಲಗೈ ಕೊಡಲೇ” ಎಂದು ಗುಮಾಸ್ತ ಗದರಿದ. ಕೊಡಲೇಬೇಕಾಯಿತು.

ಮುಂದಿನ ಬಟವಾಡೆಗೆ ಎರಡು ದಿನ ಮುಂಚೆ, ಊಟದ ಬಿಡುವಿನಲ್ಲಿ ಒಬ್ಬನೇ ಬಂಡೆಯ ಮರೆಗೆ ಹೋಗಿ, ಒರಟು ಕಲ್ಲಿನ ಮೇಲೆ ಬಲಹೆಬ್ಬೆರಳನ್ನು ತಿಕ್ಕತೊಡಗಿದ. ಮೊದಲು ಉರಿ, ಆಮೇಲೆ ರಕ್ತ. ಚರ್ಮ ಸುಲಿದು ಕೆಂಪು ಮಾಂಸ ಕಾಣುವವರೆಗೆ ತಿಕ್ಕಿದ. ಬಟವಾಡೆಯ ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋದ. ಕಲ್ಲು ಬಿತ್ತೆಂದು ಹೇಳಿ ಎಡಗೈ ಹೆಬ್ಬೆಟ್ಟು ಒತ್ತಿದ. ಮೂರು ವಾರಕ್ಕೆ ಹೊಸ ಚರ್ಮ ಬಂತು. ಬಿಸಿಲಿಗೆ ಹಿಡಿದು ನೋಡಿದರೆ ಅವೇ ಸುಳಿ, ಅವೇ ಗೆರೆ. ಮತ್ತೆ ತಿಕ್ಕಿದ. ಮತ್ತೆ ಅವೇ ಹುಟ್ಟಿದವು. ಸ್ವಂತ ಬೆರಳೇ ತನ್ನ ಮೇಲೆ ಸಾಕ್ಷಿ ಹೇಳಲು ಹಟ ಹಿಡಿದಿದೆ ಎಂದು ಅವನಿಗೆ ಅನ್ನಿಸಿತು.

ಮೂರನೆಯ ಸಲ ತಿಕ್ಕುವಾಗ ಹಿಂದೆ ನೆರಳು ಬಿತ್ತು. ಹೊನ್ನೂರಸ್ವಾಮಿ ನಿಂತಿದ್ದ. ಬೆರಳಿನ ರಕ್ತ ನೋಡಿ, “ಯಾರನ್ನ ಕೊಂದು ಬಂದೀಯೋ?” ಎಂದ.

“ಯಾರನ್ನೂ ಇಲ್ರಿ. ಶಿವನಾಣಿ ಇಲ್ರಿ.”

“ಕಳವು?”

“ಇಲ್ರಿ. ಕೆಲಸ ಬಿಟ್ಟು ಬಂದೀನ್ರಿ.”

ಮೇಸ್ತ್ರಿಗೆ ನಗು ಬರಬೇಕಿತ್ತು, ಬರಲಿಲ್ಲ. ಅವನೂ ಅಂಥ ಕಾಗದಗಳನ್ನು ಕಂಡವನೇ. “ಬೆರಳು ಹಾಳು ಮಾಡ್ಕೋಬ್ಯಾಡ, ಉಳಿ ಹಿಡಿಯೂ ಕೈ ಅದು. ನಿನ್ನ ಕೂಲಿ ನನ್ನ ಹೆಸರಿನ ಮ್ಯಾಲ ತಗೋತೀನಿ” ಎಂದು ಹೋದ. ಅವನು ಆ ಮಾತು ಉಳಿಸಿಕೊಂಡ. ಆದರೆ ಭರಮಣ್ಣನಿಗೆ ಈಗ ಇನ್ನೊಂದು ಚಿಂತೆ ಹತ್ತಿತು: ಗುಟ್ಟು ತಿಳಿದವನು ಒಬ್ಬನಾದ. ಹೊನ್ನೂರಸ್ವಾಮಿ ಯಾರ ಜೊತೆ ನಿಂತು ಮಾತಾಡಿದರೂ ಇವನ ಕಿವಿ ಅತ್ತಲೇ.

ಹುಲಿಗೆಮ್ಮ ಎರಡು ಮೂರು ತಿಂಗಳಿಗೊಮ್ಮೆ ಸಂಡೂರಿನ ಸಂತೆಗೆಂದು ಬರುತ್ತಿದ್ದಳು. ಊರಿನಲ್ಲಿ ಗಂಡ ಮುಂಬಯಿ ಗಿರಣಿಗೆ ಹೋಗಿದ್ದಾನೆ ಎಂದು ಹೇಳಿದ್ದಳು. ಇಲ್ಲಿ ತಾನು ಗಾಳೆಪ್ಪನ ಅತ್ತಿಗೆ ಎಂದಳು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದವಳಿಗೆ ಆ ಮಟ್ಟಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮಗಳ ವಿಷಯದಲ್ಲಿ. ಮಾತು ಬರುವ ವಯಸ್ಸಿನ ನೀಲವ್ವನಿಗೆ ದಾರಿಯುದ್ದಕ್ಕೂ ‘ಕಾಕಾ ಅನ್ನಬೇಕು, ಏನನ್ನಬೇಕು? ಕಾಕಾ’ ಎಂದು ಹೇಳಿಕೊಡುತ್ತ ಕರೆತರುತ್ತಿದ್ದಳು. ಮಗು ಗುಡಿಸಲ ಬಾಗಿಲಲ್ಲಿ ನಿಂತು ‘ಕಾಕಾ’ ಎಂದಾಗ ಭರಮಣ್ಣ ಸುತ್ತ ನೋಡಿ, ಯಾರೂ ಇಲ್ಲದಿದ್ದರೂ ತಿದ್ದುತ್ತಿರಲಿಲ್ಲ. ತಿದ್ದಿದರೆ ಮಗು ನಾಳೆ ನಾಲ್ಕು ಜನರ ಮುಂದೆ ಅಪ್ಪಾ ಅಂದೀತು. ಎಂಟು ವರ್ಷದ ಹೊತ್ತಿಗೆ ನೀಲವ್ವನಿಗೆ ಅವನು ನಿಜವಾಗಿಯೂ ಕಾಕನೇ ಆಗಿದ್ದ. ಅಪ್ಪ ಮುಂಬಯಿಯಲ್ಲಿದ್ದಾನೆ, ಬರುವಾಗ ಬೆಂಡೋಲೆ ತರುತ್ತಾನೆ ಎಂದು ಅವಳು ಇವನ ಮುಂದೆಯೇ ಹೇಳಿದಳು. ಭರಮಣ್ಣ ಎದ್ದು ಹೊರಗೆ ಹೋಗಿ ಕಟ್ಟಿಗೆ ಒಡೆಯುತ್ತ ನಿಂತ.

ಒಂದು ಬೇಸಿಗೆಯಲ್ಲಿ ಬಳ್ಳಾರಿಯಿಂದ ಬಿಳಿಯ ದೊರೆಯೊಬ್ಬ ಗಣಿ ನೋಡಲು ಬಂದ. ಅವನ ಕುದುರೆಯ ಹಿಂದೆ ಖಾಕಿಯ ಇಬ್ಬರು ಡಫೇದಾರರಿದ್ದರು. ಅವರು ತನಗಾಗಿಯೇ ಬಂದರೆಂದು ಭರಮಣ್ಣನಿಗೆ ಸಂಶಯವೇ ಇರಲಿಲ್ಲ. ಸುತ್ತಿಗೆ ಅಲ್ಲೇ ಬಿಟ್ಟು, ಕೆಲಸ ನಿಲ್ಲಿಸಿದ್ದ ಹಳೆಯ ತೋಡಿಗೆ ಜಾರಿ, ಸಡಿಲು ಅದಿರಿನ ಅಡಿಯಲ್ಲಿ ಅಂಗಾತ ಮಲಗಿದ. ಮೇಲಿಂದ ಪುಡಿ ಉದುರುತ್ತಿತ್ತು. ದೊರೆ ಹೋಗಿ ಬಹಳ ಹೊತ್ತಾದರೂ ಎದ್ದು ಬರಲಿಲ್ಲ. ಹೊನ್ನೂರಸ್ವಾಮಿ ಹುಡುಕಿ ಎಳೆದು ತೆಗೆದಾಗ ಕಣ್ಣಿನ ಬಿಳಿ ಬಿಟ್ಟು ಮೈಯೆಲ್ಲ ಕಪ್ಪಾಗಿತ್ತು, ಮೇಲಿನ ಅದಿರು ಜಾರಿ ಎಡಗಾಲು ಜಜ್ಜಿಹೋಗಿತ್ತು. ಅಂದಿನಿಂದ ಕುಂಟು ಉಳಿಯಿತು.

ಹೀಗೆ ವರ್ಷಗಳು ಹೋದವು. ೧೯೩೧ರ ಬೇಸಿಗೆ ಹತ್ತಿರ ಬರುವಾಗ ಹುಲಿಗೆಮ್ಮ ಸಂತೆಯಿಲ್ಲದ ದಿನ ಬಂದಳು. ತಲೆಯ ಮೇಲೆ ಬುಟ್ಟಿಯೂ ಇರಲಿಲ್ಲ.

“ನೀಲವ್ವಗ ಕಂಪ್ಲಿಯಿಂದ ವರ ಬಂದೈತಿ. ಒಳ್ಳೆ ಮಂದಿ. ಅವರು ಒಂದ ಮಾತು ಕೇಳ್ತಾರ. ಹುಡುಗಿ ಅಪ್ಪ ಅದಾನೋ ಸತ್ತಾನೋ? ಅದಾನಂದ್ರ ಧಾರಿ ಎರಿಯಾಕ ಬರಲಿ. ಸತ್ತಾನಂದ್ರ ನಿನ್ನ ಹಣಿಮ್ಯಾಲ ಕುಂಕುಮ ಯಾಕ ಅಂತಾರ.”

“ಸತ್ತಾನ ಅನ್ನು” ಎಂದ ಭರಮಣ್ಣ.

ಹುಲಿಗೆಮ್ಮ ಕೂಗಾಡಲಿಲ್ಲ. “ನಿನ್ನ ಹೆದರಿಕಿಗೆ ಹನ್ನೆರಡು ವರ್ಷ ಕೊಟ್ಟೀನಿ. ಕುಂಕುಮ ಕೊಡಂಗಿಲ್ಲ” ಎಂದಳು. “ನಾನು ಹೊಸಪೇಟಿ ವಕೀಲರ ಹತ್ರ ಹೋಗಿದ್ದೆ. ಪ್ರಭಂಜನರಾಯರಂತ. ಎಲ್ಲಾ ಹೇಳೀನಿ.”

“ಎಲ್ಲಾ ಹೇಳೀಯ?” ಅವನು ಎದ್ದು ನಿಂತ. ಬಾಗಿಲ ಹೊರಗೆ ಇಣುಕಿದ. “ಇಲ್ಲಿ ಅದೀನಂತನೂ?”

“ಹೌದು. ಕರಕೊಂಡು ಬಾ ಅಂದಾರ.”

“ಕರಕೊಂಡು ಬಾ ಅಂದ ಮ್ಯಾಲ ಹಿಡಿದು ಕೊಡಾಕನ.”

“ಹಿಡಿದು ಕೊಟ್ರ ಮೂರು ತಿಂಗಳು. ನೀ ಇಲ್ಲಿ ಎಷ್ಟು ಕುಂತಿ, ಲೆಕ್ಕ ಹಾಕು.”

ಬೆಳಗಾಗುತ್ತಲೇ ಹೊರಟರು. ಹುಲಿಗೆಮ್ಮ ಮುಂದೆ, ಕುಂಟುತ್ತ ಅವನು ಹಿಂದೆ. ಗಡಿಕಲ್ಲಿನ ಹತ್ತಿರ ಭರಮಣ್ಣನ ಕಾಲು ತಾನಾಗಿಯೇ ನಿಂತಿತು. ಆ ಕಡೆಯ ನೆಲವೂ ಈ ಕಡೆಯಂತೆಯೇ ಕೆಂಪಾಗಿತ್ತು, ಅದೇ ಜಾಲಿ, ಅದೇ ಕಲ್ಲು. ಹೆಂಡತಿ ತಿರುಗಿ ನೋಡದೆ ನಡೆಯುತ್ತಲೇ ಇದ್ದಳು. ಅವಳು ದೂರವಾಗುತ್ತಾಳೆ ಎಂಬ ಭಯಕ್ಕೆ ಕಾಲು ಎತ್ತಿಟ್ಟ.

ಹೊಸಪೇಟೆ ಗುರುತು ಸಿಗದಷ್ಟು ಬೆಳೆದಿತ್ತು. ಬಾಡಿಗೆ ಮೋಟಾರುಗಳು ಬಂದಿದ್ದವು. ಖಾಕಿ ಟೋಪಿಯ ಡ್ರೈವರನನ್ನು ಕಂಡೇ ಭರಮಣ್ಣ ಗೋಡೆಗೆ ಒತ್ತಿ ನಿಂತ. ಪ್ರಭಂಜನರಾಯರು ಕೋರ್ಟಿನ ಹಿಂದಿನ ಬೀದಿಯಲ್ಲಿದ್ದರು. ನಡುವಯಸ್ಸಿನ ಮನುಷ್ಯ, ಹಣೆಯಲ್ಲಿ ಅಂಗಾರ ಅಕ್ಷತೆ. ಇವರನ್ನು ಜಗಲಿಯ ಮೇಲೆ ಕೂರಿಸಿ ಭರಮಣ್ಣನ ಬಾಯಿಂದಲೇ ಎಲ್ಲವನ್ನೂ ಕೇಳಿದರು. ಅಪ್ಪನ ಹೆಸರು, ಜ್ವರ ಬಂದ ತಿಂಗಳು, ಜವಾನ ಬಂದ ದಿನ. ಬರೆದುಕೊಂಡು, ತಮ್ಮ ಗುಮಾಸ್ತನನ್ನು ಕೋರ್ಟಿನ ಹಳೆಯ ರಿಜಿಸ್ಟರು ನೋಡಿಬರಲು ಕಳಿಸಿದರು.

“ಅವ ಬರೂತನಕ ಕುಂದ್ರು. ಹೆದರಬ್ಯಾಡ.”

ಅವನು ಕೂತ. ಆ ಒಂದು ತಾಸು ಹನ್ನೆರಡು ವರ್ಷಕ್ಕಿಂತ ಭಾರವಾಗಿತ್ತು. ಗುಮಾಸ್ತ ಪೊಲೀಸರನ್ನೇ ಕರೆತರುತ್ತಾನೆ ಎಂದು ಮನಸ್ಸು ಹೇಳುತ್ತಿತ್ತು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಬೀದಿಯ ತಿರುವಿನಿಂದ ಒಬ್ಬ ಕಾನ್‌ಸ್ಟೇಬಲ್ಲು ನೇರವಾಗಿ ಈ ಮನೆಯ ಕಡೆಗೇ ಬಂದ. ಬೂಟು ಮೆಟ್ಟಿಲು ಹತ್ತಿತು. ಎದ್ದು ಹಿತ್ತಲ ಕಡೆ ನುಗ್ಗಲು ಹೋದ ಭರಮಣ್ಣನ ಪಂಚೆಯ ಚುಂಗನ್ನು ಹುಲಿಗೆಮ್ಮ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು; ಬಿಡಲಿಲ್ಲ. ಕಾನ್‌ಸ್ಟೇಬಲ್ಲು ಒಂದು ಲಕೋಟೆ ರಾಯರ ಕೈಗೆ ಕೊಟ್ಟು, ಸಲಾಮು ಹೊಡೆದು, ಇವರ ಕಡೆ ಕಣ್ಣನ್ನೂ ಹಾಯಿಸದೆ ಇಳಿದು ಹೋದ. ಭರಮಣ್ಣ ಗೋಡೆಗೆ ತಲೆಯಾನಿಸಿ ಬಿಕ್ಕಿದ.

ಗುಮಾಸ್ತ ಒಂದು ಚೀಟಿ ಹಿಡಿದು ಬಂದ. ರಾಯರು ಓದಿದರು, ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಭರಮಣ್ಣ, ನಿನ್ನ ಮ್ಯಾಲಿನ ಕೇಸು ಆ ವರ್ಷ ಮಾರ್ಚಿನ್ಯಾಗನ ವಜಾ ಆಗೇದ. ದೊಡ್ಡಬಸಪ್ಪ ಎರಡು ಸಲ ಕೋರ್ಟಿಗೆ ಬರಲಿಲ್ಲ. ಬ್ಯಾರೆಯವರನ್ನ ಹಚ್ಚಿ ಮೋರಿ ಮುಗಿಸಿರಬೇಕು, ನಿನ್ನ ಗೊಡವಿ ಬಿಟ್ಟಾನ. ಅವ ತೀರಿಕೊಂಡೂ ಈಗ ಏಳೆಂಟು ವರ್ಷ ಆತು.”

ಭರಮಣ್ಣ ಆ ಚೀಟಿಯ ಕಡೆ ಬೆರಳು ತೋರಿಸಿದ.

“ವಾರಂಟು ರೀ?”

“ವಾರಂಟು ಹೊರಡಲೇ ಇಲ್ಲ. ಬಂದಿದ್ದು ಸಮನ್ಸು, ಬಂದು ಹೇಳು ಅಂತ ಕರಿಯೂ ಕಾಗದ. ಇನ್ನೊಂದು ಕೇಳು. ಆ ಕಾಯಿದೆನ ಈಗ ಇಲ್ಲ. ಐದು ವರ್ಷದ ಹಿಂದ ಸರಕಾರ ಅದನ್ನ ತಗದುಹಾಕೇದ. ಈಗ ಕೂಲಿಯವ ಕರಾರು ಮುರಿದ್ರ ಆ ಕಾಯಿದಿ ಹೇಳಿ ಜೈಲಿಗೆ ಕಳಸಾಕ ಬರೂದಿಲ್ಲ. ಮುಂಗಡದ ದಾವಾಕ್ಕೂ ಗಡುವು ಮುಗದು ಹೋಗೇದ.” ಹೇಳಬೇಕೋ ಬೇಡವೋ ಎಂಬಂತೆ ಹೇಳಿದರು: “ಆಗಾದ್ರೂ, ಸರಿಯಾದ ಕಾರಣ ಇಲ್ದ ಕೆಲಸ ಬಿಟ್ಟವಗ ಮಾತ್ರ ಶಿಕ್ಷಾ ಇತ್ತು. ಜ್ವರ ಬಂದು ಮಲಗಿದ್ದೆ, ಮನ್ಯಾಗ ಎರಡು ಹೆಣ ಬಿದ್ದವು ಅಂತ ಆ ಸೋಮವಾರ ಬಂದು ಒಂದು ಮಾತು ಹೇಳಿದ್ರ ಸಾಕಿತ್ತಲ್ಲೋ.”

“ಅದನ್ನ ನನಗ ಯಾರೂ ಹೇಳಲಿಲ್ಲಲ್ರಿ” ಎಂದ ಭರಮಣ್ಣ.

ಹುಲಿಗೆಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಸೋಮವಾರ ಹೋಗೋಣ ಎಂದು ಆಗ ಹೇಳಿದ್ದವಳು ಅವಳೇ. ಅದನ್ನು ಅವಳು ಅಂದೂ ಎತ್ತಿ ಆಡಲಿಲ್ಲ, ಮುಂದೆಯೂ ಆಡಲಿಲ್ಲ.

ಭರಮಣ್ಣನಿಗೆ ಸಂತೋಷವಾಗಬೇಕಿತ್ತು. ಆದದ್ದು ಬೇರೆ. ಎದ್ದು ಜಗಲಿಯ ತುದಿಗೆ ಹೋಗಿ ಬೀದಿಯ ಎರಡೂ ಕಡೆ ನೋಡಿದ. ಮುಖ ತೊಳೆದು ಬಂದು, ಕೈಮುಗಿದು ಕೇಳಿದ: “ರಾಯರ, ಇದನ್ನ ಕಾಗದದ ಮ್ಯಾಲ ಬರಕೊಡ್ರಿ. ನಾನು ಯಾರಿಗೂ ಬೇಕಾಗಿಲ್ಲ ಅಂತ. ಮುದ್ರಿ ಹಾಕಿ ಕೊಡ್ರಿ.”

“ಕೇಸಿನ ಕಾಗದಗಳನ್ನೆಲ್ಲ ಹಳೇವು ಅಂತ ಎಂದೋ ಸುಟ್ಟಾರ. ರಿಜಿಸ್ಟರಿನ್ಯಾಗ ಒಂದು ಸಾಲು ಉಳದದ. ಬೇಕಂದ್ರ ಅದರ ನಕಲು ತಗಿಸಿಕೊಡ್ತೀನಿ.”

“ಬೇಕ್ರಿ.”

ನಕಲು ಬರಲು ನಾಲ್ಕು ದಿನವಾಯಿತು. ಅಷ್ಟು ದಿನವೂ ಅವನು ರಾಯರ ಮನೆಯ ಹಿತ್ತಲಲ್ಲೇ ಇದ್ದ, ಬೀದಿಗೆ ಕಾಲಿಡಲಿಲ್ಲ. ನಕಲು ಕೈಗೆ ಬಂದ ಮೇಲೆ ಅದನ್ನು ಅಂಗಿಯ ಒಳಗೆ ಇಟ್ಟುಕೊಂಡು, ಹೆಂಡತಿಯ ಜೊತೆ ಮಲಪನಗುಡಿಯ ದಾರಿ ಹಿಡಿದ. ಊರವರು ಮುಂಬಯಿಯ ಸುದ್ದಿ ಕೇಳಿದರು. ಹುಲಿಗೆಮ್ಮ ಅವರಿಗೂ ಮಗಳಿಗೂ ನಿಜವನ್ನೇ ಹೇಳಿದಳು. ಕೆಲವರು ಮರುಗಿದರು, ಕೆಲವರು ಹಿಂದಿನಿಂದ ನಕ್ಕರು.

ಮದುವೆ ನಡೆಯಿತು. ಧಾರೆಗೆ ಹುಡುಗಿಯ ತಂದೆಯನ್ನು ಕೂಗಿದಾಗ ಭರಮಣ್ಣ ಹಸೆಗೆ ಹೋದ. ಧಾರೆಯ ನೀರು ಅರ್ಧ ನೆಲಕ್ಕೆ ಚೆಲ್ಲಿತು. ನೀಲವ್ವ ಹೊರಡುವಾಗ ಕಾಲಿಗೆರಗಿ, ಎದ್ದು, ಅಳುತ್ತ “ಬರ್ತೀನಿ ಕಾಕಾ” ಎಂದುಬಿಟ್ಟಳು. ನಾಲಿಗೆ ಕಚ್ಚಿಕೊಂಡಳು. “ಇರಲಿ ಬಿಡವ್ವ, ಕಾಕಾನ ಅನ್ನು” ಎಂದ ಅವನು. ಅವಳಿಗೆ ಕೊನೆಯವರೆಗೂ ಆ ರೂಢಿ ತಪ್ಪಲಿಲ್ಲ.

ಭಯವೂ ಒಮ್ಮೆಲೇ ಹೋಗಲಿಲ್ಲ. ದಾರಿಯಲ್ಲಿ ಟಪಾಲಿನವನು ಬಂದರೆ ಭರಮಣ್ಣ ಹೊಲದ ಬದುವಿಗೆ ಇಳಿಯುತ್ತಿದ್ದ. ಗೋಡೆಗೆ ಬೆನ್ನು ಕೊಡದೆ ಊಟಕ್ಕೆ ಕೂರುತ್ತಿರಲಿಲ್ಲ. ಹುಲಿಗೆಮ್ಮ ತಟ್ಟೆಯನ್ನು ಅವನು ಕೂತಲ್ಲಿಗೇ ತಂದಿಡುತ್ತಿದ್ದಳು. ಮತ್ತೆ ಹೊಸ್ತಿಲು, ಬೀಸುಕಲ್ಲು ಕಡೆಯತೊಡಗಿದ. ಕೆಲಸಕ್ಕೆ ಯಾರೇ ಮುಂಗಡ ಕೊಡಲು ಬಂದರೂ ಕೈ ಹಿಂದಕ್ಕೆ ಕಟ್ಟಿಕೊಂಡು, “ಮುಗದ ಮ್ಯಾಲ ಕೊಡ್ರಿ” ಎನ್ನುತ್ತಿದ್ದ.

೧೯೪೫ರಲ್ಲಿ ಹೊಸಪೇಟೆಯ ಮಗ್ಗುಲಲ್ಲಿ ತುಂಗಭದ್ರೆಗೆ ಅಣೆಕಟ್ಟಿನ ಕೆಲಸ ಶುರುವಾದಾಗ ಭರಮಣ್ಣನಿಗೆ ಐವತ್ತು ದಾಟಿತ್ತು. ಕಲ್ಲಿನವರು ಬೇಕೆಂದು ಊರೂರಿಗೆ ಜನ ಬಂದರು. ಮಲಪನಗುಡಿಯ ಹರೆಯದವರು ಕಾಗದಕ್ಕೆ ಬೆರಳೊತ್ತುವ ಮೊದಲು ಇವನನ್ನು ಜೊತೆಗೆ ಕರೆದೊಯ್ಯತೊಡಗಿದರು. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಗುಮಾಸ್ತನ ಎದುರು ನಿಂತು, ಬೆವರುತ್ತಲೇ, “ಸಾವಕಾಶ ಓದ್ರಿ. ಜ್ವರ ಬಂದು ಜಡ್ಡು ಬಿದ್ರ ಏನು ಅಂತ ಬರದೀರಿ? ಕಡೀಕ ಏನೈತಿ, ಅದನ್ನ ಇನ್ನೊಮ್ಮಿ ಓದ್ರಿ” ಎಂದು ಕೇಳುತ್ತಿದ್ದ. ಕೆಲವರು ಗದರಿದರು. ಗದರಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ, ಆದರೂ ಕೇಳುವುದನ್ನು ಬಿಡುತ್ತಿರಲಿಲ್ಲ.

ಅವನೂ ಅಲ್ಲಿ ಕೆಲಸಕ್ಕೆ ಹೋದ. ಅವನ ಸುತ್ತಿಗೆಯ ಏಟು ನೋಡಿದ ಮೇಸ್ತ್ರಿ, ವರ್ಷದ ಕರಾರಿಗೆ ಬೆರಳೊತ್ತಿದರೆ ಕೂಲಿ ಹೆಚ್ಚು ಸಿಗುತ್ತದೆ, ಇರಲು ಗುಡಿಸಲೂ ಕೊಡುತ್ತಾರೆ ಎಂದ. ಭರಮಣ್ಣ ತಲೆಯಲ್ಲಾಡಿಸಿದ.

“ದಿನಗೂಲಿನ ಇರ್ಲಿ ಬಿಡ್ರಿ.”

“ಯಾಕೋ ಮುದುಕಾ? ಬಂದ ಭಾಗ್ಯ ಬ್ಯಾಡೇನು?”

“ಸಂಜಿಗೆ ಮನಿಗೆ ಹೋಗಬೇಕ್ರಿ” ಎಂದು ಹೇಳಿ, ಅವನು ಮುಂದಿನ ಬಂಡೆಯ ಮೇಲೆ ಅಂಗೈ ಇಟ್ಟ.